ಸೋಲಿಗೆ ನಾವು ಕೊಡುವ ಅರ್ಥ



ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಗಣಿತದಲ್ಲಿ ಅನುತ್ತೀರ್ಣನಾದ ಮಗ ಮನೆಯ ಮೂಲೆಯಲ್ಲಿ ತಲೆತಗ್ಗಿಸಿ ಕುಳಿತಿರುತ್ತಾನೆ. “ನಿನ್ನ ಹಣೆಯಲ್ಲಿ ವಿದ್ಯೆ ಬರೆದಿಲ್ಲ” ಎಂದು ಹಿರಿಯರೊಬ್ಬರು ನೊಂದು ನುಡಿದುಬಿಡುತ್ತಾರೆ. ಆಡಿದವರು ಮರುದಿನವೇ ಮರೆಯುತ್ತಾರೆ. ಕೇಳಿದ ಎಳೆಯ ಮನಸ್ಸು ಮರೆಯುವುದಿಲ್ಲ. ಸೋಲಿಗೆ ಮನುಷ್ಯನು ಯಾವ ಕಾರಣವನ್ನು ಹೇಳಿಕೊಳ್ಳುತ್ತಾನೆ ಎಂಬುದರ ಮೇಲೆಯೇ ಅವನ ಮುಂದಿನ ಹೆಜ್ಜೆ ಬಹುಮಟ್ಟಿಗೆ ನಿಂತಿದೆ ಎಂಬುದು ಮನಶ್ಶಾಸ್ತ್ರಜ್ಞರ ಅಭಿಪ್ರಾಯ.

ಈ ವಿಚಾರದ ಮೂಲ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿದೆ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ 1967ರಲ್ಲಿ ಪ್ರಕಟಿಸಿದರು. ತಾವಾಗಿ ನಿಲ್ಲಿಸಲಾಗದ ವಿದ್ಯುದಾಘಾತವನ್ನು ಅನುಭವಿಸಿದ್ದ ನಾಯಿಗಳಲ್ಲಿ ಹೆಚ್ಚಿನವು, ಅನಂತರ ಪಾರಾಗುವ ದಾರಿಯಿದ್ದರೂ ಬಿದ್ದಲ್ಲಿಯೇ ಬಿದ್ದಿದ್ದವು. ಆಘಾತವನ್ನು ನಿಲ್ಲಿಸಲು ಮೊದಲೇ ಶಕ್ಯವಾಗಿದ್ದ ನಾಯಿಗಳಾದರೋ ತಡೆಯನ್ನು ಹಾರಿ ಪಾರಾದವು. ಅಸಹಾಯಕತೆಯು ಕಲಿತುಕೊಂಡ ಗುಣವೆಂದು ಆಗ ಅವರು ಭಾವಿಸಿದರು. ಸುಮಾರು ಐವತ್ತು ವರ್ಷಗಳ ತರುವಾಯ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಾವೇ ತಿದ್ದಿದರು: ದೀರ್ಘ ಕಷ್ಟದೆದುರು ಕುಸಿಯುವುದು ಜೀವಿಯ ಸಹಜ ಪ್ರತಿಕ್ರಿಯೆ, ‘ನನ್ನಿಂದ ಏನಾದರೂ ಸಾಧ್ಯ’ ಎಂಬುದೇ ಕಲಿಯಬೇಕಾದ ಪಾಠ.

ಕಲಿಯುವುದು ಹೇಗೆ? ನಿರಾಶಾವಾದಿಯು ಸೋಲನ್ನು ಶಾಶ್ವತವೆಂದೂ ಸರ್ವವ್ಯಾಪಿಯೆಂದೂ ಬಗೆಯುತ್ತಾನೆ. ಆಶಾವಾದಿಯು ಅದಕ್ಕೆ ಕಾಲದ ಮತ್ತು ವಿಷಯದ ಎಲ್ಲೆಯನ್ನು ಕಾಣುತ್ತಾನೆ. ಇದು ನಮ್ಮ ಹೊಲಗದ್ದೆಗಳಿಗೂ ಸಲ್ಲುವ ಮಾತು. ಹಾಸನದ ಸೀಮೆಯಲ್ಲಿ ಆಲೂಗೆಡ್ಡೆಗೆ ಅಂಗಮಾರಿ ತಗುಲಿದಾಗ “ನಮ್ಮ ಗ್ರಹಚಾರವೇ ಕೆಟ್ಟಿದೆ” ಎನ್ನುವ ರೈತನಿಗೆ ಮುಂದೆ ಮಾಡುವುದೇನೂ ಉಳಿಯುವುದಿಲ್ಲ. “ಮೋಡ ಮುಸುಕಿದ ದಿನಗಳಲ್ಲಿ ಔಷಧ ಸಿಂಪಡಿಸಲು ತಡಮಾಡಿದೆ, ಬಿತ್ತನೆ ಗೆಡ್ಡೆಯೂ ಚೆನ್ನಾಗಿರಲಿಲ್ಲ” ಎನ್ನುವವನಿಗೆ ಮುಂದಿನ ಮುಂಗಾರಿಗೆ ಎರಡು ಕೆಲಸಗಳಾದರೂ ಉಳಿದಿರುತ್ತವೆ. ನಷ್ಟ ಇಬ್ಬರಿಗೂ ಒಂದೇ, ಅರ್ಥ ಬೇರೆ.

ಇದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯನ್ನು ಇಲ್ಲಿ ನೆನೆಯಬಹುದು. 1933ರಲ್ಲಿ ಅಲ್ಲಿಯ ರೈತ ಕುಟುಂಬದಲ್ಲಿ ಜನಿಸಿದ ಶ್ರೀ ಎಚ್.ಡಿ. ದೇವೇಗೌಡರು 1989ರ ವಿಧಾನಸಭಾ ಚುನಾವಣೆಯಲ್ಲಿ ತಮ್ಮ ಹೊಳೆನರಸೀಪುರ ಕ್ಷೇತ್ರದಲ್ಲಿಯೇ ಸೋತರು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಆಯ್ಕೆಯಾದರು. 1994ರಲ್ಲಿ ಮುಖ್ಯಮಂತ್ರಿಗಳೂ 1996ರಲ್ಲಿ ಪ್ರಧಾನಮಂತ್ರಿಗಳೂ ಆದರು. ರಾಜಕೀಯದ ಒಲವುನಿಲುವುಗಳು ಅವರವರಿಗೆ ಬಿಟ್ಟದ್ದು. ಆದರೆ ಸೋಲು ಕಡೆಯ ಅಧ್ಯಾಯವಾಗಬೇಕಿಲ್ಲ ಎಂಬುದಕ್ಕೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಸಮೀಪದ ನಿದರ್ಶನ ಬೇಕೆ?

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆಶಾವಾದವೆಂದರೆ ಮನೋರಾಜ್ಯದಲ್ಲಿ ವಿಹರಿಸುವುದಲ್ಲ. ಗೇಬ್ರಿಯಲ್ ಓಟಿಂಗನ್ ಎಂಬ ವಿದುಷಿ ಮತ್ತು ಅವರ ಸಹೋದ್ಯೋಗಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹತೂಕ ಇಳಿಸಲು ಹೊರಟಿದ್ದ ಮಹಿಳೆಯರ ಪೈಕಿ ಯಶಸ್ಸನ್ನು ನಿರೀಕ್ಷಿಸಿದವರು ಹೆಚ್ಚು ತೂಕ ಕಳೆದುಕೊಂಡರು. ಯಶಸ್ಸಿನ ಸವಿಗನಸುಗಳಲ್ಲಿ ಮೈಮರೆತವರು ಕಡಿಮೆ ಕಳೆದುಕೊಂಡರು. ಕಾಯಕವನ್ನು ಬಾಳಿನ ನಡುವಿಗೆ ತಂದ ಶರಣ ಪರಂಪರೆಯವರಾದ ನಮಗೆ ಇದು ಅಚ್ಚರಿಯ ಮಾತಲ್ಲ. ದುಡಿಮೆಯಿಂದ ಬೇರ್ಪಟ್ಟ ಆಸೆ ಬರಿಯ ಕನಸು.

2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 69,744 ಸ್ತ್ರೀಯರನ್ನೂ 1,429 ಪುರುಷರನ್ನೂ ಗಮನಿಸಲಾಗಿತ್ತು. ಅತ್ಯಂತ ಆಶಾವಾದಿಗಳ ಆಯುಸ್ಸು ಸರಾಸರಿ ಶೇಕಡ 11ರಿಂದ 15ರಷ್ಟು ಅಧಿಕವಾಗಿತ್ತು. ಆಶಾವಾದವೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಎರಡಕ್ಕೂ ನಂಟಿರುವುದು ಕಂಡುಬಂದಿದೆ.

ಆದ್ದರಿಂದ ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಸೋತ ಮಗುವಿಗೆ ಸುಳ್ಳು ಹೊಗಳಿಕೆಯೂ ಬೇಡ, ಹಣೆಬರಹದ ತೀರ್ಪೂ ಬೇಡ. “ಯಾವ ಲೆಕ್ಕ ತಿಳಿಯಲಿಲ್ಲ, ತೋರಿಸು ಮಗು” ಎನ್ನಿರಿ. ದುಃಖ ವಾರಗಟ್ಟಲೆ ಕರಗದೆ ಊಟ ನಿದ್ರೆಗಳನ್ನೇ ಕೆಡಿಸಿದ್ದರೆ ಅದು ಕಾಯಿಲೆಯಾಗಿರಬಹುದು. ಧೈರ್ಯದ ಮಾತೊಂದೇ ಆಗ ಸಾಲದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಕ್ಕಳು ನಮ್ಮ ಆಸ್ತಿಗೆ ಹೇಗೋ ಹಾಗೆ ನಮ್ಮ ಮಾತಿಗೂ ವಾರಸುದಾರರು. ಸೋಲಿನ ಸಂಜೆ ನಾವು ಆಡುವ ಮಾತನ್ನೇ ಅವರು ಮುಂದೆ ತಮ್ಮೊಳಗೆ ಆಡಿಕೊಳ್ಳುತ್ತಾರೆ. ಅದು ಮರಳಿ ಎದ್ದು ನಿಲ್ಲಿಸುವ ಮಾತಾಗಿರಲಿ.