ಬೀಗ ಹಾಕಿದ ಮನೆಯ ನಾಯಿ

ಶಾಖದ ಪ್ರಸರಣವನ್ನು ಕುರಿತ ಪಾಠವನ್ನು ಮುಗಿಸಿ ತರಗತಿಯಿಂದ ಹೊರಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ನನ್ನನ್ನು ತಡೆದು, “ಸಾರ್, ನಮ್ಮ ಮನೆಯವರೆಲ್ಲ ಬೆಳಗ್ಗೆ ಹೊರಟರೆ ತಿರುಗಿ ಬರುವುದು ಸಂಜೆಗೆ. ನಾಯಿಯನ್ನು ಒಳಗೆ ಕೂಡಿ ಬೀಗ ಹಾಕುವುದು ಒಳ್ಳೆಯದೋ, ಹೊರಗೆ ಕಟ್ಟಿಹಾಕುವುದು ಒಳ್ಳೆಯದೋ?” ಎಂದು ಕೇಳಿದನು. ಜೊತೆಯಲ್ಲಿದ್ದವರು ನಕ್ಕರು. ಇದು ಭೌತಶಾಸ್ತ್ರದ ಪ್ರಶ್ನೆಯಲ್ಲವೆಂಬುದು ಅವರ ಭಾವನೆಯಾಗಿರಬೇಕು. ನನಗಾದರೋ ಅಂದಿನ ಪಾಠಕ್ಕೆ ಇದಕ್ಕಿಂತ ತಕ್ಕ ಪ್ರಶ್ನೆ ಇನ್ನೊಂದಿಲ್ಲವೆಂದೇ ತೋರಿತು. ಆಗ ಅವನಿಗೆ ಕೊಟ್ಟ ಉತ್ತರ ಚಿಕ್ಕದು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಯಿ ಸಾಕುವುದು ಹೊಸತೇನೂ ಅಲ್ಲ. ಕುರಿಯ ಹಿಂಡಿನೊಡನೆ ನಾಯಿಯೂ ನಡೆಯುತ್ತದೆ. ತೋಟದ ಕಾವಲಿಗೆ ನಾಯಿಯುಂಟು. ಹಳ್ಳಿಯ ಜಗಲಿಯ ಮೇಲೆ ಮನೆಯ ಮುದುಕರ ಪಕ್ಕದಲ್ಲಿ ಒಂದು ನಾಯಿ ಮಲಗಿರುವುದು ನಾವೆಲ್ಲರೂ ಕಂಡ ನೋಟ. ಆದರೆ ಹಿಂದೆ ಮನೆಗೆ ಬೀಗ ಬೀಳುತ್ತಿದ್ದುದೇ ಅಪರೂಪ. ಯಾರಾದರೊಬ್ಬರು ಮನೆಯಲ್ಲಿ ಇದ್ದೇ ಇರುತ್ತಿದ್ದರು. ಬೀಗ ಬಿದ್ದರೂ ನಾಯಿ ಬೀಗದ ಹೊರಗೆ ಇರುತ್ತಿತ್ತು. ಈಗ ಗಂಡಹೆಂಡಿರಿಬ್ಬರೂ ನೌಕರಿಗೆ ಹೋಗುವ ಸಂಸಾರಗಳು ಹೆಚ್ಚಾಗಿವೆ. ಬೆಳಗಿನ ಬಸ್ಸಿಗೆ ತುಮಕೂರಿಗೋ ಬೆಂಗಳೂರಿಗೋ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮರಳುತ್ತಾರೆ. ನಾಯಿಯ ಜಾತಿಯೂ ಬದಲಾಗಿದೆ. ಹಿಮದ ನಾಡಿಗೆಂದು ದಟ್ಟ ರೋಮ ಬೆಳೆಸಿಕೊಂಡ ಹಸ್ಕಿಯನ್ನೂ, ಮೂಗು ಮೊಂಡಾಗಿ ಉಸಿರಾಟಕ್ಕೇ ಕಷ್ಟಪಡುವ ಪಗ್ ನಾಯಿಯನ್ನೂ ತಂದು ನಮ್ಮ ಈ ಬಿಸಿಲುಸೀಮೆಯಲ್ಲಿ ಸಾಕುವ ಷೋಕಿ ಯಾರಿಂದ ಆರಂಭವಾಯಿತೋ ತಿಳಿಯದು.

ಬೇಸಗೆಯ ಮಧ್ಯಾಹ್ನ ಪೇಟೆಯ ಬೀದಿನಾಯಿಯನ್ನು ಒಂದು ಗಳಿಗೆ ಗಮನಿಸಿ ನೋಡಿ. ಹತ್ತು ಗಂಟೆಗೆ ಅದು ಅಂಗಡಿಯ ಕಟ್ಟೆಯ ಬದಿಯಲ್ಲಿ ಮಲಗಿರುತ್ತದೆ. ಬಿಸಿಲು ಅಲ್ಲಿಗೆ ಬಂದರೆ ಎದ್ದು ನಿಂತ ಲಾರಿಯ ಕೆಳಗೆ ಸೇರುತ್ತದೆ. ಲಾರಿ ಹೊರಟರೆ ಚರಂಡಿಯ ತೇವದಲ್ಲಿ ಹೊಟ್ಟೆಯೂರಿ ಮಲಗುತ್ತದೆ. ಅದಕ್ಕೆ ಅನ್ನ ಹಾಕುವವರಿಲ್ಲದಿರಬಹುದು, ಕಲ್ಲೆಸೆಯುವವರು ಇರಬಹುದು. ಆದರೂ ತಂಪನ್ನು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯವೊಂದು ಅದಕ್ಕೆ ಉಂಟು. ಸಾಕಿದ ನಾಯಿಯಿಂದ ನಾವು ಮೊದಲು ಕಸಿದುಕೊಳ್ಳುವುದು ಈ ಸ್ವಾತಂತ್ರ್ಯವನ್ನೇ. ಆದುದರಿಂದ ಬೀಗ ಹಾಕುವವನು ಅಥವಾ ಸರಪಳಿ ಬಿಗಿಯುವವನು, ತಾನು ಹೋದ ಮೇಲೆ ಆ ಸ್ಥಳ ಮಧ್ಯಾಹ್ನ ಮೂರು ಗಂಟೆಗೆ ಹೇಗಿರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. ಇದು ಕರುಣೆಯ ಮಾತಲ್ಲ, ಲೆಕ್ಕದ ಮಾತು.

ನೆರಳಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಆಕಾಶದಲ್ಲಿ ಸೂರ್ಯನು ಗಂಟೆಗೆ 15 ಡಿಗ್ರಿಗಳಷ್ಟು ಪಶ್ಚಿಮಕ್ಕೆ ಸರಿಯುತ್ತಾನೆ. ಬೆಳಗಿನ ಎಂಟು ಗಂಟೆಗೆ ಕಾಂಪೌಂಡು ಗೋಡೆಯ ಪಶ್ಚಿಮಕ್ಕೆ ಧಾರಾಳವಾದ ನೆರಳಿರುತ್ತದೆ. ಮಧ್ಯಾಹ್ನದ ಅನಂತರ ಅದೇ ಜಾಗ ಬಿಸಿಲಿನ ಬಾಯಿಗೆ ಬೀಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿಯೊಂದುಂಟು. ನಮ್ಮ ತಾಲ್ಲೂಕುಗಳು ಹೆಚ್ಚುಕಡಿಮೆ 14ನೆಯ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ, ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷಕ್ಕೆ, ಸೂರ್ಯನು ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮಧ್ಯಭಾಗದವರೆಗೆ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಗೋಡೆಯ ಉತ್ತರದ ಮಗ್ಗುಲು ಸದಾ ತಂಪೆಂದು ನಂಬಿ ಅಲ್ಲಿ ನಾಯಿಯನ್ನು ಕಟ್ಟುವವರು ಮೇ ತಿಂಗಳಲ್ಲಿ ಮೋಸಹೋಗುತ್ತಾರೆ. ಯುರೋಪಿನಲ್ಲಿ ಬರೆದ ಪುಸ್ತಕಗಳಲ್ಲಿ ಈ ಎಚ್ಚರಿಕೆ ಸಿಕ್ಕುವುದಿಲ್ಲ. ಅಲ್ಲಿ ಮಧ್ಯಾಹ್ನದ ಸೂರ್ಯನು ಎಂದೂ ಉತ್ತರಕ್ಕೆ ಬರುವುದಿಲ್ಲ.

ಇಷ್ಟನ್ನು ಬಲ್ಲ ನಾನೇ ತಪ್ಪಿದೆನೆಂಬುದನ್ನು ಮರೆಮಾಚಬಾರದು. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೊರಟ ಅವಸರದಲ್ಲಿ ನಮ್ಮ ನಾಯಿಯನ್ನು ಹಿತ್ತಿಲ ಗೋಡೆಯ ನೆರಳಿನಲ್ಲಿ ಕಟ್ಟಿ, ಒಂದು ಸ್ಟೀಲಿನ ಬಟ್ಟಲಿನಲ್ಲಿ ನೀರಿಟ್ಟು ಹೋದೆನು. ಸಂಜೆ ಐದೂವರೆಗೆ ಬಂದು ನೋಡಿದಾಗ ಸರಪಳಿ ಗೂಟಕ್ಕೆ ಸುತ್ತಿಕೊಂಡು ಮೊಳದುದ್ದವಾಗಿತ್ತು. ಬಟ್ಟಲು ಮಗುಚಿ ಬಿದ್ದಿತ್ತು. ನಾಯಿ ನಾಲಗೆ ಚಾಚಿ ಅಡ್ಡಬಿದ್ದಿತ್ತು. ಕರೆದರೆ ಕಣ್ಣು ಮಾತ್ರ ತಿರುಗಿತು. ಪಕ್ಕದ ಮನೆಯ ಅಜ್ಜಿ ಬಂದು, “ಹತ್ತು ಗಂಟೆಯಿಂದ ಒಂದೇ ಸಮ ಕೂಗ್ತಿತ್ತು ಮೇಷ್ಟ್ರೇ. ಊಟದ ಹೊತ್ತಾದ ಮೇಲೆ ಸುಮ್ಮನಾಯ್ತು. ಮಲಗಿಕೊಂಡಿತು ಅಂದ್ಕೊಂಡ್ವಿ” ಎಂದರು. ಅದು ಬದುಕಿತು. ಆದರೆ ಆ ಮೌನವನ್ನು ನಿದ್ರೆಯೆಂದು ತಿಳಿದುದು ಅಜ್ಜಿಯ ತಪ್ಪಲ್ಲ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರಿನ ಗ್ರಂಥಿಗಳು ಅದರ ಅಂಗಾಲಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅವುಗಳಿಂದ ಆಗುವ ಉಪಕಾರ ಅಲ್ಪ. ಅದು ತಣ್ಣಗಾಗುವುದು ತೇಕುವುದರಿಂದ. ನಾಲಗೆ, ಬಾಯಿ, ಶ್ವಾಸನಾಳಗಳ ತೇವವು ಆವಿಯಾಗಿ ಹೋಗುವಾಗ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಇದೇ ನೀವು ಓದಿರುವ ಗುಪ್ತೋಷ್ಣ. ಹನ್ನೆರಡು ಕಿಲೋಗ್ರಾಂ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಅದರ ದೇಹದಲ್ಲಿ 20 ವಾಟ್‌ಗಳಿಗಿಂತ ಸ್ವಲ್ಪ ಹೆಚ್ಚು ಶಾಖ ಹುಟ್ಟುತ್ತಲೇ ಇರುತ್ತದೆ. ಆರೋಗ್ಯವಂತ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಸೆಂಟಿಗ್ರೇಡ್. ಸುತ್ತಲಿನ ಗಾಳಿಯೂ ಇಷ್ಟೇ ಬಿಸಿಯಾದರೆ ಶಾಖ ತಾನಾಗಿ ಹೊರಗೆ ಹರಿಯಲಾರದು, ಆವಿಯೊಂದೇ ದಾರಿ. ಲೆಕ್ಕ ಹಾಕಿದರೆ ಗಂಟೆಗೆ 30 ಗ್ರಾಮಿಗೂ ಹೆಚ್ಚು ನೀರು, ಎಂಟು ಗಂಟೆಗೆ ಕಾಲು ಲೀಟರಿಗೂ ಮಿಕ್ಕ ನೀರು ಆವಿಯಾಗಬೇಕು. ಇದು ಅತ್ಯಂತ ಕನಿಷ್ಠ. ತೇಕುವುದೂ ಒಂದು ದುಡಿಮೆಯಾದ್ದರಿಂದ ಅದರಿಂದಲೂ ಶಾಖ ಹುಟ್ಟುತ್ತದೆ. ಬಿಸಿಯಾದ ಗೋಡೆ ಮತ್ತು ಸೂರಿನಿಂದ ವಿಕಿರಣದ ಮೂಲಕ ಬರುವ ಶಾಖ ಬೇರೆ. ಮಗುಚಿಬಿದ್ದ ಬಟ್ಟಲಿನ ಅರ್ಥ ಈಗ ತಿಳಿದೀತು. ಹಳೆಯ ಕಾಲದ ಕಲ್ಲುಬಾನಿಯನ್ನು ಯಾವ ನಾಯಿಯೂ ಮಗುಚಲಾರದು. ಕಿಟಕಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಇನ್ನೊಂದು ತೊಡಕುಂಟು. ನಾಯಿ ಬಿಟ್ಟ ಆವಿಯೇ ಗಾಳಿಯಲ್ಲಿ ತುಂಬಿಕೊಂಡು, ಮುಂದಿನ ಆವಿಗೆ ಎಡೆ ಕಡಮೆಯಾಗುತ್ತದೆ.

ಇನ್ನು ಸೂರಿನ ಮಾತು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ನೆಲದಲ್ಲಿ ಹರಡಿರುವ ಸೌರವಿದ್ಯುತ್ ಉದ್ಯಾನವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 2018ರಲ್ಲಿ ಉದ್ಘಾಟನೆಯಾದ ಅದರ ಸಾಮರ್ಥ್ಯ 2,050 ಮೆಗಾವಾಟ್‌ಗಳಿಗೆ ಬೆಳೆಯಿತು. ಮಳೆ ನಮ್ಮನ್ನು ಮರೆತರೂ ಬಿಸಿಲು ಮರೆಯದು ಎಂಬುದೇ ಅದು ಅಲ್ಲಿಗೆ ಬರಲು ಒಂದು ಕಾರಣ. ಅದೇ ಬಿಸಿಲು ನಮ್ಮ ಮನೆಗಳ ಮೇಲೂ ಬೀಳುತ್ತದೆ. ತಿಳಿಯಾದ ಮಧ್ಯಾಹ್ನ ಪ್ರತಿ ಚದರ ಮೀಟರಿಗೆ ಹತ್ತಿರಹತ್ತಿರ ಒಂದು ಕಿಲೋವಾಟ್. ಹತ್ತಡಿ ಉದ್ದ, ಹತ್ತಡಿ ಅಗಲದ ತಗಡಿನ ಕೊಟ್ಟಿಗೆಯ ಮೇಲೆ ಒಂಬತ್ತು ವಿದ್ಯುತ್ ಒಲೆಗಳನ್ನು ಹೊತ್ತಿಸಿಟ್ಟಂತೆ. ಅದರಲ್ಲಿ ಒಂದು ಪಾಲು ಪ್ರತಿಫಲಿಸಿ ಹೋದರೂ ಉಳಿದುದು ಕಾಯಿಸಲು ಸಾಕು. ಮಣ್ಣು ಹೊದಿಸಿದ ಮಾಳಿಗೆ ಮನೆಗಳಲ್ಲಿ ಶಾಖ ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಈಗಿನ ಕಾಂಕ್ರೀಟಿನ ತಾರಸಿ ಸಂಜೆಯಾಗುವ ಮೊದಲೇ ಶಾಖವನ್ನು ಕೆಳಕ್ಕೆ ಇಳಿಸತೊಡಗಿ ರಾತ್ರಿಯವರೆಗೂ ಇಳಿಸುತ್ತಿರುತ್ತದೆ. ಕಿಟಕಿ ತೆರೆದು ಬೀಸಣಿಗೆ ಹಾಕಿಕೊಂಡು ಮಲಗುವ ನಮಗೆ ಬೀಗ ಹಾಕಿದ ಮನೆಯ ಮಧ್ಯಾಹ್ನದ ಅನುಭವವೇ ಇಲ್ಲ. ದೇವಸ್ಥಾನದ ಮುಂದೆ ಗಾಜು ಏರಿಸಿ ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಬಿಡುವವರ ವಿಷಯ ಹೇಳಲೇಬೇಕಾಗಿಲ್ಲ. ಗಾಜು ಬೆಳಕನ್ನು ಒಳಗೆ ಬಿಟ್ಟು ಅವಕೆಂಪು ಕಿರಣಗಳನ್ನು ಹೊರಗೆ ಬಿಡದು. ಬಿಸಿಯಾದ ಗಾಳಿಯೂ ಹೊರಹೋಗದು. ಅಲ್ಲಿ ಗಂಟೆಗಳ ಲೆಕ್ಕ ನಡೆಯುವುದಿಲ್ಲ, ನಿಮಿಷಗಳ ಲೆಕ್ಕವೇ.

ಲೋಕದಲ್ಲೆಲ್ಲ ಪ್ರಸಿದ್ಧವಾದ ಒಂಟಿ ನಾಯಿಯೊಂದರ ಕಥೆಯೂ ಇದೇ. 1957ರ ನವೆಂಬರ್ 3ರಂದು ಸೋವಿಯತ್ ವಿಜ್ಞಾನಿಗಳು ಮಾಸ್ಕೋದ ಬೀದಿನಾಯಿ ಲೈಕಾಳನ್ನು ಎರಡನೆಯ ಸ್ಪುಟ್ನಿಕ್ಕಿನಲ್ಲಿ ಕೂರಿಸಿ ಆಕಾಶಕ್ಕೆ ಕಳುಹಿಸಿದರು. ತಿರುಗಿ ತರುವ ಏರ್ಪಾಡು ಇರಲಿಲ್ಲ. ಅದು ಕೆಲವು ದಿನ ಬದುಕಿತ್ತೆಂದು ಜಗತ್ತು ಬಹುಕಾಲ ನಂಬಿತ್ತು. ಉಪಗ್ರಹದ ಶಾಖನಿಯಂತ್ರಣ ಕೆಟ್ಟು, ಕೆಲವೇ ಗಂಟೆಗಳಲ್ಲಿ ಅತಿಯಾದ ಬಿಸಿಯಿಂದಲೂ ಗಾಬರಿಯಿಂದಲೂ ಅದು ಸತ್ತಿತೆಂಬ ಸತ್ಯ ಹೊರಬಂದುದು 2002ರಲ್ಲಿ. ಉಸಿರಿಗೆ ಗಾಳಿ ಒದಗಿಸಿದ್ದರು, ತಿನ್ನಲು ಆಹಾರ ಇಟ್ಟಿದ್ದರು. ಶಾಖ ಹೊರಹೋಗುವ ದಾರಿಯೊಂದು ತಪ್ಪಿತು.

ಒಂಟಿತನದಿಂದ ಮನಸ್ಸಿಗೆ ಆಗುವ ನೋವನ್ನು ನಾನು ಅಲ್ಲಗಳೆಯುತ್ತಿಲ್ಲ. ಬಾಗಿಲು ಕೆರೆಯುವುದು, ಊಳಿಡುವುದು, ಚಪ್ಪಲಿ ಹರಿಯುವುದು ಇವನ್ನು ಯಜಮಾನನು ಸೇಡೆಂದು ತಿಳಿದು ಬಂದೊಡನೆ ಹೊಡೆಯುತ್ತಾನೆ. ಅದು ಸೇಡಲ್ಲ, ದಿಗಿಲು. ಮರಿಯಿದ್ದಾಗಲೇ ಐದು ನಿಮಿಷ, ಹತ್ತು ನಿಮಿಷವೆಂದು ಅಗಲಿಕೆಯನ್ನು ರೂಢಿಮಾಡಿಸಿದರೆ ಈ ದಿಗಿಲು ಎಷ್ಟೋ ಕಡಮೆಯಾಗುತ್ತದೆ. ಬಿಸಿಲಿಗೆ ಅಂತಹ ರೂಢಿ ಇಲ್ಲ. ಸ್ವೀಡನ್ ದೇಶದ ನಿಯಮದಂತೆ ಹಗಲಿನಲ್ಲಿ ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಕರೆದೊಯ್ಯಬೇಕು. ಅದು ಚಳಿಯ ದೇಶವೆಂಬುದನ್ನು ನೆನಪಿಡಿ. ನಮ್ಮಲ್ಲಿಯೂ ಕಾನೂನಿಲ್ಲದೆ ಇಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ವಿಧಿಯ ಪ್ರಕಾರ ತೀರ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ, ಸದಾ ಕೂಡಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದೂ, ನೀರು ನೆರಳು ಒದಗಿಸದಿರುವುದೂ ಅಪರಾಧಗಳು. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಈ ದಂಡಕ್ಕೆ ಅಂಜಿ ಯಾರೂ ಸರಪಳಿಯನ್ನು ಉದ್ದಮಾಡಲಾರರು.

ನನ್ನ ಅಭಿಪ್ರಾಯ ಇಷ್ಟು. ಮಾರ್ಚಿನಿಂದ ಮೇವರೆಗೆ ಹಗಲೆಲ್ಲ ಬೀಗ ಬೀಳುವ ಮನೆಯವರು, ಮಧ್ಯಾಹ್ನ ಒಮ್ಮೆ ಬಂದು ನೋಡುವ ಜನರನ್ನು ಗೊತ್ತುಮಾಡಿಕೊಳ್ಳದೆ ನಾಯಿಯನ್ನು ಸಾಕಬಾರದು. ಒಳಗೆ ಬಿಡುವುದಾದರೆ ಎದುರುಬದುರು ಎರಡು ಕಿಟಕಿ ತೆರೆದಿರಲಿ, ತಂಪಾದ ನೆಲವಿರಲಿ, ಮಗುಚದ ಪಾತ್ರೆಯಲ್ಲಿ ನೀರು ಎರಡು ಕಡೆ ಇರಲಿ. ಹೊರಗಾದರೆ ಸರಪಳಿ ಬೇಡ. ಆವರಣದೊಳಗೆ ನೆರಳನ್ನು ತಾನೇ ಹುಡುಕಿಕೊಳ್ಳಲಿ. ಬೆಟ್ಟದ ಬುಡದ ತೋಟದ ಮನೆಗಳಲ್ಲಿ ರಾತ್ರಿ ಒಂಟಿಯಾಗಿ ಕಟ್ಟಿದ ನಾಯಿ ಚಿರತೆಗೆ ಎಡೆಯಿಟ್ಟಂತೆಯೇ ಸರಿ. ಬಿಸಿಲಿಗೆ ಸಿಕ್ಕಿ ಕುಸಿದ ನಾಯಿಗೆ ಕೂಡಲೇ ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ಆಮೇಲೆ ಪಶು ಆಸ್ಪತ್ರೆಗೆ ಒಯ್ಯಬೇಕು. ಒದ್ದೆ ಗೋಣಿ ಹೊದಿಸಿ ಬಿಟ್ಟರೆ ಆವಿ ಹೊರಹೋಗದೆ ಶಾಖ ಒಳಗೇ ಉಳಿದೀತು. ಮೈಬಿಸಿ 41 ಡಿಗ್ರಿಯನ್ನು ದಾಟಿದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಆ ದಿನ ಹೇಳಿದ್ದು, ಒಂದು ಉಷ್ಣಮಾಪಕವನ್ನು ನಾಯಿಯ ಎತ್ತರಕ್ಕೆ, ಎಂದರೆ ನೆಲದಿಂದ ಒಂದಡಿ ಮೇಲೆ, ತೂಗುಹಾಕಿ ರಜೆಯ ದಿನ ಕಿಟಕಿಗಳನ್ನೆಲ್ಲ ಮುಚ್ಚಿ ಗಂಟೆಗೊಮ್ಮೆ ಓದಿಕೊಳ್ಳಲು. ಅವನು ಗ್ರಾಫ್ ಹಾಳೆಯಲ್ಲಿ ರೇಖೆ ಎಳೆದುಕೊಂಡು ಬಂದನು. ಶಿಖರ ಹನ್ನೆರಡಕ್ಕೆ ಬರಬಹುದೆಂದು ಅವನು ಎಣಿಸಿದ್ದನು. ಅದು ಬಂದುದು ಸಂಜೆ ಐದರ ಸುಮಾರಿಗೆ. ಈಗ ಅವರ ನಾಯಿ ಹಗಲು ಹೊತ್ತು ಎದುರುಮನೆಯ ಜಗಲಿಯಲ್ಲಿರುತ್ತದೆ. ಅದಕ್ಕೆ ಪ್ರತಿಯಾಗಿ ಭಾನುವಾರಗಳಂದು ಆ ಮನೆಯ ಎಮ್ಮೆಗೆ ಹುಲ್ಲು ತಂದುಹಾಕುವ ಕೆಲಸ ಅವನದು.