ಅನುದಾನ ಬಂತು, ಹೋಯಿತು: ಉಳಿದದ್ದೇನು?

ಆದೋನಿ: ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿಯಿತು. ಅದೇ ವರ್ಷ ಜುಲೈ 1ರಂದು ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಬಾಗಿಲೂ ಮುಚ್ಚಿತು. ಬ್ರಿಟನ್ ಕೂಡ ತನ್ನ ನೆರವನ್ನು 2027ರ ಹೊತ್ತಿಗೆ ರಾಷ್ಟ್ರೀಯ ಆದಾಯದ ಶೇ 0.5ರಿಂದ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2025ರಲ್ಲಿ ಸಂಕಷ್ಟದಲ್ಲಿರುವ 44 ಪ್ರದೇಶಗಳ 411 ಮಹಿಳಾ ಸಂಘಟನೆಗಳನ್ನು ವಿಚಾರಿಸಿದಾಗ ಸುಮಾರು ಅರ್ಧದಷ್ಟು ಸಂಘಟನೆಗಳು ‘ಆರು ತಿಂಗಳಲ್ಲಿ ಮುಚ್ಚಬೇಕಾದೀತು’ ಎಂದವು.

ಇದಕ್ಕೂ ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರಿನ ಹೆಣ್ಣುಮಕ್ಕಳಿಗೂ ಏನು ಸಂಬಂಧ? ಸಂಬಂಧ ಇದೆ. ಕರ್ನೂಲು ಜಿಲ್ಲೆಯ ಮಹಿಳಾ ಸಂಘಗಳ ಕಥೆಯಲ್ಲೇ ಪರದೇಶದ ಅನುದಾನದ ಪಾಲು ದೊಡ್ಡದು.

ಓರ್ವಕಲ್ಲಿನ ಪಾಠ

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ನೆರವಿನಿಂದ 1995ರ ಸುಮಾರಿಗೆ ದಕ್ಷಿಣ ಏಷ್ಯಾ ಬಡತನ ನಿವಾರಣಾ ಯೋಜನೆ ಶುರುವಾಯಿತು. ಆಂಧ್ರದಲ್ಲಿ ಅದಕ್ಕೆ ಆರಿಸಿಕೊಂಡ ಮೂರು ಜಿಲ್ಲೆಗಳಲ್ಲಿ ಕರ್ನೂಲೂ ಒಂದು. ಜಿಲ್ಲೆಯ ಓರ್ವಕಲ್ಲು ಮಂಡಲದ ಪೊದುಪು ಲಕ್ಷ್ಮಿ ಸಂಘಗಳು ಒಕ್ಕೂಟ ಕಟ್ಟಿಕೊಂಡು ದೇಶಕ್ಕೆಲ್ಲ ಹೆಸರಾದವು. ಯೋಜನೆ ಮುಗಿಯಿತು, ಒಕ್ಕೂಟ ಮುಗಿಯಲಿಲ್ಲ. ಅದೇ ಮಾದರಿ ಮುಂದೆ ವಿಶ್ವಬ್ಯಾಂಕ್ ಸಾಲದ ‘ವೆಲುಗು’ ಆಯಿತು, ಆಮೇಲೆ ‘ಇಂದಿರಾ ಕ್ರಾಂತಿ ಪಥಂ’ ಆಯಿತು. ಪಾವಲಾ ವಡ್ಡಿ, ಸುನ್ನಾ ವಡ್ಡಿ ಅಂತ ಒಂದೊಂದು ಸರ್ಕಾರ ಒಂದೊಂದು ಹೆಸರಿನಲ್ಲಿ ಬಡ್ಡಿ ಇಳಿಸಿತು.

ಆದರೆ ಈ ದಾರಿಯಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. ಅನುದಾನದ ಜಾಗಕ್ಕೆ ಸಾಲ ಬಂತು. ಎಮ್ಮೆಗೆ, ಹೊಲಿಗೆ ಮಷೀನಿಗೆ, ಕಿರಾಣಿ ಅಂಗಡಿಗೆ ಸಾಲ ಸಿಗ್ತದೆ. ಹೊಡೆತ ತಿಂದವಳು ಕೋರ್ಟಿಗೆ ಅಲೆಯೋದಕ್ಕೆ, ಹದಿನಾಲ್ಕರ ಹುಡುಗಿಯ ಮದುವೆ ತಡೆಯೋದಕ್ಕೆ ಯಾವ ಬ್ಯಾಂಕೂ ಸಾಲ ಕೊಡೋದಿಲ್ಲ. ಕೊಟ್ಟರೂ ತೀರಿಸುವವರು ಯಾರು? ಹಕ್ಕಿನ ಕೆಲಸದಲ್ಲಿ ಲಾಭ ಹುಟ್ಟೋದಿಲ್ಲ. ಅದಕ್ಕೆ ಅನುದಾನವೇ ಬೇಕು.

ನದಿಯ ಆ ದಂಡೆಯಲ್ಲಿ

ತುಂಗಭದ್ರೆಯ ಆ ಕಡೆ, ಕರ್ನಾಟಕದಲ್ಲಿ, 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಇದಕ್ಕೆ ಬೇರೆ ರೀತಿಯ ಉದಾಹರಣೆ. ನೆದರ್ಲೆಂಡ್ಸ್ ಸರ್ಕಾರದ ಅನುದಾನದಿಂದ ಹುಟ್ಟಿದ ಇದು ರಾಯಚೂರು ಜಿಲ್ಲೆಗೂ ಬಂತು. ಸಾಲ ಕೊಡುವುದು ಅದರ ಕೆಲಸ ಆಗಿರಲಿಲ್ಲ. ಹೆಣ್ಣುಮಕ್ಕಳನ್ನು ಕೂಡಿಸಿ ಓದು, ಕಾನೂನು, ಪಂಚಾಯಿತಿಯಲ್ಲಿ ಎದ್ದುನಿಂತು ಮಾತಾಡೋದು ಕಲಿಸಿತು. ಕೇಂದ್ರದ ಹಣ 2016ರಲ್ಲಿ ನಿಂತಿತು. ಸ್ವಸಹಾಯ ಸಂಘಗಳು ಇವೆಯಲ್ಲ, ಸಾಕು ಎಂಬ ಲೆಕ್ಕ.

ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಜಿಲ್ಲೆ ಒಡೆದಾಗ ಬಸಿವಿ ಬಿಡುವ ಪದ್ಧತಿಯೂ ಎರಡು ರಾಜ್ಯಕ್ಕೆ ಹಂಚಿಹೋಯಿತು. ಕರ್ನಾಟಕ 1993-94 ಮತ್ತು 2007-08ರಲ್ಲಿ ಸಮೀಕ್ಷೆ ನಡೆಸಿ 46,660 ಮಾಜಿ ದೇವದಾಸಿಯರನ್ನು ಗುರುತಿಸಿತು, ಮಾಸಾಶನವನ್ನೂ ಕೊಡುತ್ತಿದೆ. ಆ ಪಟ್ಟಿ ಗಡಿಗೆ ಬಂದು ನಿಲ್ಲುತ್ತದೆ. ಆಂಧ್ರದಲ್ಲಿ ನಿಷೇಧ ಕಾಯ್ದೆ 1988ರಿಂದಲೇ ಇದೆ. ಆದರೆ ಕಾಯ್ದೆ ಒಂದೇ ಬಂದರೆ ಹೊಟ್ಟೆ ತುಂಬೋದಿಲ್ಲ.

ಸಭೆ ನಿಲ್ತದೆ, ಕಂತು ನಿಲ್ಲೋದಿಲ್ಲ

ಜಿಲ್ಲೆಯ ಪಶ್ಚಿಮ ಭಾಗದ ಕಷ್ಟಕ್ಕೆ ಇನ್ನೊಂದು ಹೆಸರು ಗುಳೆ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಂಟೂರು ಕಡೆಯ ಮೆಣಸಿನಕಾಯಿ, ಹತ್ತಿ ಹೊಲಗಳಿಗೆ, ಇಲ್ಲವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತದೆ. ಅಪ್ಪ-ಅಮ್ಮನ ಜೊತೆ ಹುಡುಗಿಯೂ ಹೊರಟರೆ ಶಾಲೆ ಬಿಟ್ಟ ಹಾಗೆಯೇ. 2011ರ ಜನಗಣತಿಯಲ್ಲಿ ಕರ್ನೂಲು ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 50ನ್ನೂ ಮುಟ್ಟಿರಲಿಲ್ಲ. ಸದಸ್ಯರು ಗುಳೆ ಹೋದರೆ ಸಂಘದ ಸಭೆ ನಿಲ್ತದೆ, ಸಾಲದ ಕಂತು ಮಾತ್ರ ನಿಲ್ಲೋದಿಲ್ಲ.

ದೌರ್ಜನ್ಯಕ್ಕೆ ಒಳಗಾದವರಿಗಾಗಿ ನಿರ್ಭಯಾ ನಿಧಿಯಿಂದ ಜಿಲ್ಲೆಗೊಂದು ಸಖಿ ಕೇಂದ್ರ ಎಂಬ ಯೋಜನೆ 2015ರಲ್ಲಿ ಬಂತು. ಆದೋನಿಯವರಿಗೆ ಜಿಲ್ಲಾ ಕೇಂದ್ರ ಅಂದರೆ ಸುಮಾರು 100 ಕಿ.ಮೀ. ದೂರದ ಕರ್ನೂಲು. ಬಳ್ಳಾರಿ ಹತ್ತಿರ, ಆದರೆ ಅದು ಬೇರೆ ರಾಜ್ಯ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ, ನಿಜ. ಆ ದಿನದ ಕೂಲಿ ಯಾರು ಕೊಡ್ತಾರೆ? ಮನೆಯಲ್ಲಿ ಕನ್ನಡ ಆಡುವವಳಿಗೆ ತೆಲುಗಿನ ಅರ್ಜಿ ಯಾರು ಬರೆದುಕೊಡ್ತಾರೆ?

ಮುಚ್ಚಿದ ಕಾಲುವೆ

ಇಂಥ ಕೆಲಸ ಸಣ್ಣ ಸಂಸ್ಥೆಗಳದ್ದು. ವಿದೇಶಿ ದಾನಿಗಳನ್ನು ನೇರವಾಗಿ ತಲುಪುವ ಶಕ್ತಿ ಅವುಗಳಿಗಿಲ್ಲ. ಹೈದರಾಬಾದ್, ಬೆಂಗಳೂರಿನ ದೊಡ್ಡ ಸಂಸ್ಥೆಗಳು ತಮಗೆ ಬಂದ ಅನುದಾನದಲ್ಲಿ ಒಂದು ಪಾಲು ಕೊಟ್ಟರೆ ನಡೆಯುತ್ತಿತ್ತು. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಹೀಗೆ ಮರುಹಂಚುವುದನ್ನೇ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಲೆಕ್ಕ ಪಾರದರ್ಶಕವಾಗಿರಬೇಕು ಎಂಬುದು ಸರ್ಕಾರದ ವಾದ, ಅದರಲ್ಲಿ ತಪ್ಪಿಲ್ಲ. ಆದರೆ ದೊಡ್ಡ ಕೆರೆಯ ಕಳ್ಳ ತೂಬು ಮುಚ್ಚಲು ಹೋಗಿ ಕೊನೆ ಹೊಲದ ಕಾಲುವೆಯೂ ಮುಚ್ಚಿತು. ಹೀಗಾಗಿ ಪರದೇಶದ ಹಣ ನಾಳೆ ಮತ್ತೆ ಹರಿದರೂ ಕೋಸಿಗಿಯ ಸಣ್ಣ ಸಂಸ್ಥೆಗೆ ಮುಟ್ಟುವುದು ಕಷ್ಟ.

ಉಳಿದ ದಾರಿ ಊರಲ್ಲೇ ಇದೆ. ಕೇಂದ್ರ ಸರ್ಕಾರ 2005-06ರಿಂದ ಬಜೆಟ್‌ನಲ್ಲಿ ಮಹಿಳೆಯರ ಪಾಲನ್ನು ಪ್ರತ್ಯೇಕವಾಗಿ ತೋರಿಸುತ್ತಿದೆ. ಅದೇ ರೀತಿ ಪ್ರತಿ ಮಂಡಲದ ಮಹಿಳಾ ಒಕ್ಕೂಟಕ್ಕೆ ಸಾಲವಲ್ಲದ, ತೀರಿಸಬೇಕಾಗಿಲ್ಲದ ಒಂದು ನಿಧಿ ಬೇಕು. ಕಾನೂನು ನೆರವು, ಗುಳೆ ಕಾಲದ ಹುಡುಗಿಯರ ಹಾಸ್ಟೆಲ್, ಕನ್ನಡ-ತೆಲುಗು ಎರಡೂ ಬಲ್ಲ ಒಬ್ಬ ಕಾರ್ಯಕರ್ತೆ, ಇಷ್ಟಕ್ಕೆ ಸಾಕಾಗುವಷ್ಟು. ಆದೋನಿಗೊಂದು ಸಖಿ ಕೇಂದ್ರ ಕೇಳುವುದೂ ಅತಿಯಾಸೆ ಆಗಲಾರದು. ಪರದೇಶದ ಹಣ ನಿಂತರೂ ಓರ್ವಕಲ್ಲು ನಿಂತಿತು, ಹೆಣ್ಣುಮಕ್ಕಳು ಅದರೊಳಗೆ ತಮ್ಮ ಒಕ್ಕೂಟ ಕಟ್ಟಿಕೊಂಡಿದ್ದರು. ಪಶ್ಚಿಮದ ಮಂಡಲಗಳಲ್ಲೂ ಸಂಘಗಳಿವೆ. ಮುಂದಿನ ಗ್ರಾಮಸಭೆಯಲ್ಲಿ ಸಾಲದ ಜೊತೆಗೆ ಈ ನಿಧಿಯ ಮಾತೂ ಎತ್ತಿದರೆ ಖರ್ಚೇನೂ ಇಲ್ಲ.