ದಾಖಲೆಯ ಕೀಲಿ ಯಾರ ಕೈಯಲ್ಲಿರಬೇಕು?

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ವ್ರತವಾಗಿ ಕೈಕೊಂಡ ವಿದ್ಯಾಸಂಸ್ಥೆಯ ಚರಿತ್ರೆಯು ಬಹುಮಟ್ಟಿಗೆ ಅದರ ದಾಖಲೆ ಪುಸ್ತಕಗಳಲ್ಲಿ ಅಡಗಿರುತ್ತದೆ. ಯಾವ ಊರಿನ ಯಾವ ಮಗು ಎಂದು ಶಾಲೆಗೆ ಸೇರಿತು, ಪ್ರಸಾದ ನಿಲಯದಲ್ಲಿ ಎಷ್ಟು ವರ್ಷ ಉಂಡು ಬೆಳೆಯಿತು, ಯಾವ ದಾನಿಯ ದತ್ತಿಯಿಂದ ಯಾರಿಗೆ ವಿದ್ಯಾರ್ಥಿವೇತನ ಸಂದಿತು ಎಂಬ ವಿವರಗಳೆಲ್ಲ ಸಮಾಜವು ಸಂಸ್ಥೆಯಲ್ಲಿ ಇಟ್ಟ ನಂಬಿಕೆಯ ಲೆಕ್ಕ. ಈ ಲೆಕ್ಕವು ಇಂದು ಕೆಂಪು ರಟ್ಟಿನ ಪುಸ್ತಕದಿಂದ ಗಣಕಯಂತ್ರಕ್ಕೆ ಸಾಗುತ್ತಿದೆ. ಹೀಗೆ ಸಾಗುವಾಗ ‘ಯಾವ ತಂತ್ರಾಂಶವನ್ನು ಕೊಳ್ಳೋಣ?’ ಎಂಬ ಪ್ರಶ್ನೆ ಎಲ್ಲೆಡೆ ಕೇಳಿಬರುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ತಂತ್ರಾಂಶವಿಲ್ಲದ ದಿನವೂ ನಮ್ಮ ದಾಖಲೆಯನ್ನು ನಾವು ತೆರೆದು ಓದಬಲ್ಲೆವೇ?

ಈ ಪ್ರಶ್ನೆಗೆ ಉತ್ತರವನ್ನು ಕಾಣಬೇಕಾದರೆ ವಿಷಯದ ಹಿನ್ನೆಲೆಯನ್ನು ಸ್ವಲ್ಪ ಅರಿಯಬೇಕು. ೧೯೭೦ರಲ್ಲಿ ಐಬಿಎಂ ಸಂಸ್ಥೆಯ ವಿಜ್ಞಾನಿ ಇ. ಎಫ್. ಕಾಡ್ ಅವರು ಸಂಬಂಧಾತ್ಮಕ ದತ್ತಸಂಚಯದ ತತ್ತ್ವವನ್ನು ಮಂಡಿಸಿದರು. ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿಟ್ಟು, ಒಂದು ಕೋಷ್ಟಕವನ್ನು ಮತ್ತೊಂದರೊಡನೆ ಸಮಾನವಾದ ಒಂದು ಅಂಕಣದ ಮೂಲಕ ಜೋಡಿಸುವುದೇ ಅದರ ಸಾರ. ವಿದ್ಯಾರ್ಥಿಗಳದೊಂದು ಕೋಷ್ಟಕ, ಶುಲ್ಕದ್ದೊಂದು ಕೋಷ್ಟಕ. ಎರಡನ್ನೂ ಬೆಸೆಯುವುದು ದಾಖಲಾತಿ ಸಂಖ್ಯೆ. ಮಾಹಿತಿ ಯಂತ್ರದೊಳಗೆ ಹೇಗೆ ಅಡಕವಾಗಿದೆ ಎಂಬ ಗೊಡವೆ ಬಳಸುವವನಿಗೆ ಬೇಕಿಲ್ಲ ಎಂಬುದು ಕಾಡ್ ಅವರ ಮುಖ್ಯ ಪ್ರತಿಪಾದನೆ. ೧೯೭೪ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು ಈ ಕೋಷ್ಟಕಗಳನ್ನು ಪ್ರಶ್ನಿಸಲು ಭಾಷೆಯೊಂದನ್ನು ರೂಪಿಸಿದರು. ಇಂದು ಎಸ್‌ಕ್ಯುಎಲ್ ಎಂದು ಹೆಸರಾದ ಆ ಭಾಷೆಗೆ ೧೯೮೬ರಲ್ಲಿ ಅಮೆರಿಕದ, ೧೯೮೭ರಲ್ಲಿ ಅಂತರರಾಷ್ಟ್ರೀಯ ಮಾನಕದ ಮನ್ನಣೆ ದೊರೆಯಿತು.

ಭಾಷೆಯೇನೋ ಒಂದಾಯಿತು, ಆದರೆ ಆ ಭಾಷೆಯ ಮಾತನ್ನು ಕೇಳಿಸಿಕೊಳ್ಳುವ ರೀತಿ ಒಂದೊಂದು ದತ್ತಸಂಚಯಕ್ಕೆ ಒಂದೊಂದಾಗಿ ಉಳಿಯಿತು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ೫೪೩೨ನೆಯ ದ್ವಾರದಲ್ಲಿಯೂ, ಮೈಎಸ್‌ಕ್ಯುಎಲ್ ೩೩೦೬ನೆಯ ದ್ವಾರದಲ್ಲಿಯೂ ಕಿವಿಗೊಟ್ಟು ಕುಳಿತಿರುತ್ತವೆ. ಒಂದರ ಸಂಜ್ಞೆ ಮತ್ತೊಂದಕ್ಕೆ ಅರ್ಥವಾಗದು. ಈ ಅಂತರವನ್ನು ತುಂಬುವ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ಅದು ಬಳಕೆಯ ತಂತ್ರಾಂಶದ ಪ್ರಶ್ನೆಯನ್ನು ದತ್ತಸಂಚಯದ ಸಂಜ್ಞೆಗೆ ತಿರುಗಿಸಿ ಕಳುಹಿಸುತ್ತದೆ, ಬಂದ ಉತ್ತರವನ್ನು ಸಾಲುಸಾಲಾಗಿ ಬಿಡಿಸಿ ಒಪ್ಪಿಸುತ್ತದೆ. ೧೯೯೨ರಲ್ಲಿ ಬಂದ ಓಡಿಬಿಸಿ, ೧೯೯೭ರಲ್ಲಿ ಜಾವಾ ಭಾಷೆಗೆಂದು ಬಂದ ಜೆಡಿಬಿಸಿ, ೧೯೯೯ರಲ್ಲಿ ಪೈಥಾನ್ ಭಾಷೆಗೆ ನಿಶ್ಚಯಿಸಿದ ಒಡಂಬಡಿಕೆ, ಇವೆಲ್ಲ ದುಭಾಷಿಗಳು ಒಂದೇ ಕ್ರಮದಲ್ಲಿ ವರ್ತಿಸಬೇಕೆಂಬ ನಿಯಮಗಳು. ಇವುಗಳ ಫಲವಾಗಿ ಯಂತ್ರದ ವಿಳಾಸ, ದ್ವಾರದ ಸಂಖ್ಯೆ, ದತ್ತಸಂಚಯದ ಹೆಸರು, ಬಳಕೆದಾರನ ಹೆಸರು, ಗುಪ್ತಪದ ಎಂಬ ಐದು ವಿವರಗಳಿದ್ದರೆ ಯಾವ ಅರ್ಹ ಕುಶಲಿಯೂ ಸಂಸ್ಥೆಯ ದಾಖಲೆಯನ್ನು ತೆರೆಯಬಲ್ಲನು.

ಆದುದರಿಂದ ನನ್ನ ಮೊದಲನೆಯ ಅಭಿಪ್ರಾಯವಿಷ್ಟು: ಮಾನಕ ಡ್ರೈವರಿನ ಮೂಲಕ ತೆರೆಯಲಾಗದ ದತ್ತಸಂಚಯದಲ್ಲಿ ಶಾಲೆಯ ದಾಖಲೆಯನ್ನು ಇಡಕೂಡದು, ಆ ಐದು ವಿವರಗಳು ಮಾರಾಟಗಾರನ ಬಳಿ ಮಾತ್ರವೇ ಇರದೆ ಆಡಳಿತ ಮಂಡಳಿಯ ಸುಪರ್ದಿನಲ್ಲಿಯೂ ಇರತಕ್ಕದ್ದು. ಹಾಗಿಲ್ಲದಿದ್ದರೆ ಸಂಸ್ಥೆಯು ತಾನೇ ಕಟ್ಟಿದ ಮನೆಯಲ್ಲಿ ಬಾಡಿಗೆಗೆ ಇದ್ದಂತಾಗುತ್ತದೆ. ‘ವರ್ಷಕ್ಕೊಮ್ಮೆ ಪಟ್ಟಿಯನ್ನು ಮುದ್ರಿಸಿಟ್ಟರೆ ಸಾಲದೆ?’ ಎಂದು ಕೆಲವರು ಕೇಳಬಹುದು. ಮುದ್ರಿತ ಪಟ್ಟಿಯಲ್ಲಿ ಹೆಸರು ಉಳಿದೀತು, ಸಂಬಂಧ ಉಳಿಯದು. ಯಾವ ದತ್ತಿಯ ಹಣ ಯಾವ ಮಗುವಿಗೆ ಸಂದಿತೆಂಬುದನ್ನು ಮತ್ತೆ ಕೈಯಿಂದಲೇ ಹುಡುಕಬೇಕಾಗುತ್ತದೆ. ಡ್ರೈವರಿದ್ದ ಮಾತ್ರಕ್ಕೆ ಒಂದು ದತ್ತಸಂಚಯದಿಂದ ಮತ್ತೊಂದಕ್ಕೆ ಸಾಗುವುದು ಸುಲಭವೆಂದು ನಾನು ಹೇಳಲಾರೆ. ಎಸ್‌ಕ್ಯುಎಲ್‌ನಲ್ಲಿಯೂ ಪ್ರಾಂತಭೇದಗಳುಂಟು, ತಿದ್ದುವ ಶ್ರಮ ತಪ್ಪದು. ಆದರೆ ಶ್ರಮಸಾಧ್ಯವಾದುದಕ್ಕೂ ಅಸಾಧ್ಯವಾದುದಕ್ಕೂ ಇರುವ ಅಂತರ ದೊಡ್ಡದು.

ಎರಡನೆಯ ಮಾತು ಕನ್ನಡಕ್ಕೆ ಸಂಬಂಧಿಸಿದ್ದು. ಯುನಿಕೋಡಿನ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ೩ ಬೈಟುಗಳನ್ನು ಬೇಡುತ್ತದೆ; ‘ಬಸವ’ ಎಂಬ ಹೆಸರಿಗೆ ೯ ಬೈಟು. ದತ್ತಸಂಚಯವು ಕನ್ನಡವನ್ನು ಹಿಡಿಯಬಲ್ಲದಾದರೂ, ಡ್ರೈವರು ಸಂಪರ್ಕ ಬೆಳೆಸುವಾಗ ರೋಮನ್ ಲಿಪಿಯ ಹಳೆಯ ಸಂಕೇತಪದ್ಧತಿಯನ್ನು ಹೇಳಿಬಿಟ್ಟರೆ, ಮಗುವಿನ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕುಳಿತುಬಿಡಬಹುದು. ಹಾಗೆ ಬರೆದು ಉಳಿಸಿದ ಮೇಲೆ ಮೂಲ ಹೆಸರನ್ನು ಯಾವ ಉಪಾಯದಿಂದಲೂ ಅದರಿಂದ ಹಿಂದಕ್ಕೆ ಪಡೆಯಲಾಗದು. ಮೈಎಸ್‌ಕ್ಯುಎಲ್‌ನಂಥ ಬಹುಬಳಕೆಯ ದತ್ತಸಂಚಯವೂ ಪೂರ್ಣ ಯುನಿಕೋಡನ್ನು ತನ್ನ ಸಹಜ ಕ್ರಮವಾಗಿ ಅಂಗೀಕರಿಸಿದ್ದು ೨೦೧೮ರಲ್ಲಿ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ದಾಖಲೆಗಳ ಪಾಡು ಬೇರೆ: ಕಣ್ಣಿಗೆ ಅವು ಕನ್ನಡ, ಯಂತ್ರಕ್ಕೆ ರೋಮನ್ ಅಕ್ಷರಗಳ ಗೊಂದಲ, ಅಕಾರಾದಿ ಕ್ರಮವೂ ಬಾರದು, ಹುಡುಕಿದರೂ ಸಿಗದು. ಇದನ್ನು ತಡೆಯಲೆಂದೇ ಮೊದಲ ದಿನವೇ ಒತ್ತಕ್ಷರವುಳ್ಳ ಹತ್ತು ಹೆಸರುಗಳನ್ನು ಬರೆದು, ಮರಳಿ ಓದಿ, ತಾಳೆ ನೋಡಬೇಕು. ಹೆಸರು ಕೆಟ್ಟ ದಾಖಲೆ ಮಗುವಿಗೆ ಮಾಡಿದ ಅನ್ಯಾಯವೇ ಸರಿ.

ಮೂರನೆಯದು ಕಾವಲಿನ ವಿಚಾರ. ಬಳಕೆದಾರನು ಬೆರಳಚ್ಚಿಸಿದ ಪದವನ್ನು ಪ್ರಶ್ನೆಯ ವಾಕ್ಯಕ್ಕೆ ನೇರವಾಗಿ ಅಂಟಿಸುವ ಅಭ್ಯಾಸ ಅಪಾಯಕರ. ಹಾಗೆ ಮಾಡಿದರೆ ದುರುದ್ದೇಶದವನು ಹೆಸರಿನ ಸ್ಥಳದಲ್ಲಿ ಆಜ್ಞೆಯನ್ನೇ ಬರೆದು, ಕೋಷ್ಟಕವನ್ನೇ ಅಳಿಸಲು ಅವಕಾಶವಾದೀತು. ವಾಕ್ಯವನ್ನು ಮೊದಲು ಸಿದ್ಧಪಡಿಸಿ, ಮೌಲ್ಯವನ್ನು ಬೇರೆಯಾಗಿ ಒಪ್ಪಿಸುವ ವ್ಯವಸ್ಥೆ ಡ್ರೈವರುಗಳಲ್ಲಿಯೇ ಇದೆ. ಅದನ್ನು ಬಳಸುವುದು ಕಡ್ಡಾಯವಾಗಬೇಕು. ಅಂಕಪಟ್ಟಿಯನ್ನು ಓದಬೇಕಾದ ತಂತ್ರಾಂಶಕ್ಕೆ ಓದುವ ಅಧಿಕಾರ ಮಾತ್ರ ಸಾಕು, ಅಳಿಸುವ ಅಧಿಕಾರ ಬೇಡ. ಗುಪ್ತಪದವನ್ನು ಕ್ರಮವಿಧಿಯ ಒಳಗೆ ಬರೆದಿಡುವುದಂತೂ ಬೀಗಕ್ಕೆ ಕೀಲಿಯನ್ನು ಕಟ್ಟಿ ನೇತುಹಾಕಿದಂತೆ.

ಇವೆಲ್ಲ ತಜ್ಞರ ವಿಷಯಗಳೆಂದು ಕೈಬಿಡುವುದು ಉಚಿತವಲ್ಲ. ಅಧ್ಯಾಪಕರಲ್ಲಿ ನನ್ನ ವಿನಂತಿ: ಪ್ರೌಢ ತರಗತಿಯ ಮಕ್ಕಳಿಗೆ ಗುಂಡಿ ಒತ್ತುವುದನ್ನು ಕಲಿಸುವುದರೊಡನೆ, ಶಾಲೆಯ ಗ್ರಂಥಭಂಡಾರದ ಪಟ್ಟಿಯನ್ನೇ ಒಂದು ದತ್ತಸಂಚಯವಾಗಿಸಿ, ಅದಕ್ಕೆ ಸಂಪರ್ಕ ಕಲ್ಪಿಸುವ ಹತ್ತಿಪ್ಪತ್ತು ಸಾಲಿನ ಕ್ರಮವಿಧಿಯನ್ನು ಅವರ ಕೈಯಿಂದಲೇ ಬರೆಸಬೇಕು. ಇದಕ್ಕೆ ಬೇಕಾದ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಗಣಕ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನ ಬಂದು ಸಂಸ್ಥೆಯ ದಾಖಲೆಗಳನ್ನು ಪರಿಶೀಲಿಸಿದರೆ ಅದೂ ಕಾಯಕವೇ, ಅದೂ ದಾಸೋಹವೇ. ದಾನಿಗಳು ಗಣಕಯಂತ್ರಗಳನ್ನು ಕೊಡುವಾಗ, ದಾಖಲೆಯ ಕೀಲಿ ಸಂಸ್ಥೆಯ ಕೈಯಲ್ಲಿರತಕ್ಕದ್ದೆಂಬ ಷರತ್ತನ್ನೂ ಜೊತೆಗೆ ಕೊಡಲಿ. ಐವತ್ತು ವರ್ಷದ ಹಿಂದೆ ಸೇರಿದ ವಿದ್ಯಾರ್ಥಿಯ ಹೆಸರನ್ನು ಮಸಿಯ ಪುಸ್ತಕ ಇಂದಿಗೂ ಓದಿ ಹೇಳುತ್ತದೆ. ಈ ವರ್ಷ ಸೇರಿದ ಮಗುವಿನ ಹೆಸರನ್ನು ಇನ್ನು ಐವತ್ತು ವರ್ಷಗಳ ತರುವಾಯವೂ ಓದುವಂತೆ ಮಾಡುವುದು ನಮ್ಮೆಲ್ಲರ ಹೊಣೆ.